ಇಂಪ್ಲಾಂಟ್‌ಗೆ ಮೊದಲು ಮೂಳೆ ಕಸಿ: ನಿಮ್ಮ ತಾಯಿಗೆ ಬೇಕೇ, ಬೇಡವೇ?

ನಿಮ್ಮ ತಾಯಿಗೆ 61 ವರ್ಷ. ಮೇಲ್ದವಡೆಯ ಹಿಂಭಾಗದ ಎರಡು ಹಲ್ಲುಗಳನ್ನು ಕೀಳಿಸಿ ನಾಲ್ಕು ವರ್ಷವಾಗಿದೆ. ಈಗ ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲು ದವಡೆಯ ಮೂಳೆಗೆ ಕೂರಿಸುವ ತಿರುಪು) ಹಾಕಿಸಲು ಹೋದರೆ ಹಲ್ಲಿನ ವೈದ್ಯರು ಮೂಳೆ ಸಾಲದು, ಮೊದಲು ಮೂಳೆ ಕಸಿ ಮಾಡಿ ಏಳೆಂಟು ತಿಂಗಳು ಕಾಯಬೇಕು ಎಂದಿದ್ದಾರೆ. ಇದು ದುಡ್ಡಿನ ಆಸೆಗೆ ಹೇಳಿದ್ದೇ ಎಂದು ಕೇಳಿದ್ದೀರಿ. ನೀವು ಸಸ್ಯಾಹಾರಿಗಳಾದ್ದರಿಂದ ಆ ಮೂಳೆ ಯಾವುದರದ್ದು ಎಂಬ ಚಿಂತೆಯೂ ಇದೆ. ನಾನು ದಾವಣಗೆರೆ ಕಡೆಯವಳು, ವಸಡಿನ ಚಿಕಿತ್ಸೆಯ ತಜ್ಞೆ. ಮೂಳೆ ಕಸಿ ನನ್ನ ನಿತ್ಯದ ಕೆಲಸ. ನೀವು ಹೇಳಿದ ಜಾಗ ಮತ್ತು ಅವಧಿ ನೋಡಿದರೆ ಆ ವೈದ್ಯರ ಮಾತು ನಿಜವಿರುವ ಸಾಧ್ಯತೆಯೇ ಹೆಚ್ಚು. ಆದರೆ ನೀವು ಅದನ್ನು ಬರೀ ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಿಲ್ಲ, ಏಕೆಂದರೆ ಮೂಳೆ ಸಾಲುತ್ತದೋ ಇಲ್ಲವೋ ಎಂಬುದನ್ನು ಅಳೆದೇ ತೋರಿಸಬಹುದು.

ಹಲ್ಲನ್ನು ಹಿಡಿದಿಟ್ಟಿರುವ ಮೂಳೆ ಹಲ್ಲಿಗಾಗಿಯೇ ಇರುವಂಥದ್ದು. ಹಲ್ಲು ಹೋದರೆ ಅದೂ ಕರಗತೊಡಗುತ್ತದೆ. ಮೊದಲ ವರ್ಷದಲ್ಲೇ ಹಲ್ಲು ಕೂತಿದ್ದ ದವಡೆಯ ದಿಂಡಿನ ಅಗಲ ಸುಮಾರು ಅರ್ಧದಷ್ಟು ಕಡಿಮೆಯಾಗಬಹುದು. ಅದರಲ್ಲೂ ಬಹುಪಾಲು ಮೊದಲ ಮೂರು ತಿಂಗಳಲ್ಲೇ ಆಗಿಹೋಗುತ್ತದೆ. ಕೆನ್ನೆಯ ಕಡೆಯ ಗೋಡೆ ತೀರ ತೆಳುವಾದ್ದರಿಂದ ಮೊದಲು ಅದೇ ಕುಸಿಯುತ್ತದೆ. ಮೇಲ್ದವಡೆಯ ಹಿಂಭಾಗಕ್ಕೆ ಇನ್ನೊಂದು ತೊಂದರೆಯಿದೆ. ಅಲ್ಲಿ ಹಲ್ಲುಗಳ ಬೇರಿನ ಮೇಲೆಯೇ ಸೈನಸ್ ಎಂಬ ಗಾಳಿ ತುಂಬಿದ ಪೊಳ್ಳು ಇದೆ. ಹಲ್ಲು ಹೋದ ಮೇಲೆ ಆ ಪೊಳ್ಳು ನಿಧಾನವಾಗಿ ಕೆಳಕ್ಕೆ ಇಳಿಯುತ್ತದೆ. ಹೀಗೆ ಮೂಳೆ ಕೆಳಗಿನಿಂದಲೂ ಮೇಲಿನಿಂದಲೂ ಸವೆದು, ನಾಲ್ಕು ವರ್ಷದ ಹೊತ್ತಿಗೆ ಕೆಲವರಲ್ಲಿ ಎರಡು ಮೂರು ಮಿಲಿಮೀಟರ್ ಮಾತ್ರ ಉಳಿದಿರುತ್ತದೆ.

ಆದ್ದರಿಂದ ಮೊದಲು ಕೇಳಬೇಕಾದದ್ದು ಸಿಬಿಸಿಟಿ ಸ್ಕ್ಯಾನ್ (ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಎಕ್ಸ್-ರೇ) ಮಾಡಿದ್ದಾರೆಯೇ ಎಂದು. ಚಿಕ್ಕ ಎಕ್ಸ್-ರೇಯಲ್ಲಿ ಎತ್ತರ ಕಾಣಬಹುದು, ಅಗಲ ಕಾಣುವುದಿಲ್ಲ. ಸ್ಕ್ಯಾನ್ ಆಗಿದ್ದರೆ ಪರದೆಯ ಮೇಲೆ ತೋರಿಸಲು ಹೇಳಿ. ಕಪ್ಪಗೆ ಕಾಣುವುದು ಸೈನಸ್, ಅದರ ತಳದ ಬಿಳಿ ಗೆರೆಯೇ ಮೂಳೆಯ ಗಡಿ. ಆ ಗೆರೆಯಿಂದ ವಸಡಿನ ಕಡೆಯ ಮೂಳೆಯ ಅಂಚಿನವರೆಗೆ ಎಷ್ಟು ಮಿಲಿಮೀಟರ್ ಇದೆ ಎಂದು ಅಳೆದು ಹೇಳಲಿ. ಎತ್ತರ 8 ಅಥವಾ ಹೆಚ್ಚಿದ್ದು, ಅಗಲವೂ ಸಾಕಷ್ಟಿದ್ದರೆ, ಕಸಿ ಏಕೆ ಬೇಕು ಎಂದು ನೀವು ಧಾರಾಳವಾಗಿ ಪ್ರಶ್ನಿಸಬಹುದು. 5ರಿಂದ 7 ಇದ್ದರೆ ಇಂಪ್ಲಾಂಟ್‌ಗೆ ಕೊರೆದ ರಂಧ್ರದ ಮೂಲಕವೇ ಸೈನಸ್ ತಳವನ್ನು ಕೊಂಚ ಮೇಲೆತ್ತಿ ಆ ದಿನವೇ ಇಂಪ್ಲಾಂಟ್ ಕೂರಿಸುವ ದಾರಿಯಿದೆ. ಸುಮಾರು 6 ಮಿಲಿಮೀಟರ್ ಉದ್ದದ ಗಿಡ್ಡ ಇಂಪ್ಲಾಂಟ್‌ಗಳೂ ಸಿಗುತ್ತವೆ. 4ಕ್ಕಿಂತ ಕಡಿಮೆಯಿದ್ದರೆ ಮೊದಲು ಕಸಿ, ಆಮೇಲೆ ಇಂಪ್ಲಾಂಟ್ ಎನ್ನುವುದು ಎಚ್ಚರದ ಮಾತು. ಅಗಲದ ಲೆಕ್ಕ ಸರಳ: 4 ಮಿಲಿಮೀಟರ್ ದಪ್ಪದ ಇಂಪ್ಲಾಂಟ್‌ಗೆ ಎರಡೂ ಬದಿಯಲ್ಲಿ ತಲಾ ಒಂದೂವರೆ ಮಿಲಿಮೀಟರ್ ಮೂಳೆ ಬೇಕು, ಅಂದರೆ ಒಟ್ಟು 7. ಸ್ಕ್ಯಾನ್ ಇಲ್ಲದೆ, ಅಳತೆ ಹೇಳದೆ ಕಸಿಗೆ ದಿನ ಗೊತ್ತುಮಾಡುವವರಿದ್ದರೆ ನಾನಾಗಿದ್ದರೆ ಒಪ್ಪುವುದಿಲ್ಲ.

ಶಸ್ತ್ರಚಿಕಿತ್ಸೆ ಹೆಸರು ಕೇಳಿದಷ್ಟು ಭಯಂಕರವಲ್ಲ. ಹಲ್ಲು ಕೀಳುವಾಗ ಕೊಡುವಂಥ ಮರಗಟ್ಟಿಸುವ ಇಂಜೆಕ್ಷನ್ನೇ ಸಾಕು. ವಸಡನ್ನು ಬಿಡಿಸಿ, ಕೆನ್ನೆಯ ಕಡೆಯ ಮೂಳೆಯಲ್ಲಿ ಪುಟ್ಟ ಕಿಟಕಿ ತೆರೆಯುತ್ತೇವೆ. ಒಳಗೆ ಸೈನಸ್‌ನ ಪೊರೆ, ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗೂ ಕಡಿಮೆ ದಪ್ಪದ್ದು, ನೀಲಿಗೂಡಿದ ಬೂದು ಬಣ್ಣದಲ್ಲಿ ಕಾಣುತ್ತದೆ. ರೋಗಿ ಉಸಿರಾಡಿದಂತೆಲ್ಲ ಅದು ಮೆಲ್ಲಗೆ ಏರಿಳಿಯುತ್ತದೆ; ಹರಿದಿಲ್ಲ ಎಂಬುದಕ್ಕೆ ಅದು ಒಳ್ಳೆಯ ಸೂಚನೆ. ಆ ಪೊರೆಯನ್ನು ಮೂಳೆಯಿಂದ ಸ್ವಲ್ಪಸ್ವಲ್ಪವೇ ಬಿಡಿಸಿ ಮೇಲಕ್ಕೆ ಸರಿಸಿ, ಅದರ ಕೆಳಗೆ ಉಂಟಾದ ಜಾಗಕ್ಕೆ ಕಸಿಯ ಹರಳುಗಳನ್ನು ತುಂಬುತ್ತೇವೆ. ಬಿಳಿಯ, ಒರಟು ಹರಳುಗಳವು. ಪುಟ್ಟ ಸ್ಟೀಲ್ ಬಟ್ಟಲಿನಲ್ಲಿ ರೋಗಿಯ ರಕ್ತದೊಂದಿಗೆ ನೆನೆಸಿದಾಗ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ. ಈ ಹರಳು ತಾನೇ ದವಡೆಯಾಗುವುದಿಲ್ಲ. ಅವರೆ ಬಳ್ಳಿಗೆ ಹಾಕಿದ ಚಪ್ಪರದಂತೆ ಅದರ ಕೆಲಸ: ನಿಮ್ಮ ತಾಯಿಯದೇ ರಕ್ತನಾಳಗಳು, ಮೂಳೆಕೋಶಗಳು ಅದರ ಮೇಲೆ ಹಬ್ಬಿ ಹೊಸ ಮೂಳೆ ಕಟ್ಟಬೇಕು. ಏಳೆಂಟು ತಿಂಗಳು ಕಾಯಿಸುವುದು ಇದಕ್ಕೇ. ಅವಸರ ಮಾಡಿ ಮೊದಲೇ ಇಂಪ್ಲಾಂಟ್ ತಿರುಗಿಸಿದರೆ ಅದು ಸಡಿಲವಾಗಿ ನಿಲ್ಲುತ್ತದೆ. ಇದರಲ್ಲಿ ಹೆಚ್ಚಾಗಿ ಕಾಣುವ ತೊಡಕು ಆ ಪೊರೆ ಹರಿಯುವುದು. ಸಣ್ಣದಾಗಿ ಹರಿದರೆ ಮೇಲೊಂದು ಪೊರೆ ಹೊದಿಸಿ ಮುಂದುವರಿಯಬಹುದು. ದೊಡ್ಡದಾದರೆ ಅಲ್ಲಿಗೇ ನಿಲ್ಲಿಸಿ, ಗಾಯ ಮಾಯಲು ಬಿಟ್ಟು, ಕೆಲವು ತಿಂಗಳ ನಂತರ ಮತ್ತೆ ಮಾಡಬೇಕು.

ಇನ್ನು ಆ ಮೂಳೆ ಯಾವುದರದ್ದು ಎಂಬ ಪ್ರಶ್ನೆ. ಇದನ್ನು ಕೇಳಲು ಸಂಕೋಚವೇ ಬೇಡ, ಕೇಳದೆಯೇ ಹೇಳಬೇಕಾದದ್ದು ವೈದ್ಯರ ಕರ್ತವ್ಯ. ಹೆಚ್ಚು ಬಳಕೆಯಲ್ಲಿರುವುದು, ಹೆಚ್ಚು ಅಧ್ಯಯನವಾಗಿರುವುದು ದನದ ಮೂಳೆಯಿಂದ ಮಾಡಿದ ಹರಳು. ಅದರಲ್ಲಿನ ಜೈವಿಕ ಅಂಶವನ್ನೆಲ್ಲ ತೆಗೆದು ಖನಿಜವನ್ನಷ್ಟೇ ಉಳಿಸಿರುತ್ತಾರೆ. ಅದು ಬೇಡವೆಂದರೆ ಪೂರ್ತಿ ಕೃತಕವಾದ ಹೈಡ್ರಾಕ್ಸಿಅಪಟೈಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳಿವೆ. ಸೈನಸ್ ಕಸಿಯಲ್ಲಿ ಇವೂ ಒಳ್ಳೆಯ ಫಲ ಕೊಡುತ್ತವೆ. ದಾನಿಗಳ ಮಾನವ ಮೂಳೆಯೂ ಸಿಗುತ್ತದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕ್ 1988ರಿಂದ ಇದೆ. ಅಲ್ಲಿ ಮೂಳೆಯನ್ನು ಗಾಮಾ ಕಿರಣಗಳಿಂದ ಸೋಂಕುರಹಿತಗೊಳಿಸುತ್ತಾರೆ. ರೋಗಿಯದೇ ಗದ್ದದಿಂದಲೋ ದವಡೆಯ ಹಿಂಭಾಗದಿಂದಲೋ ಮೂಳೆ ತೆಗೆಯುವುದೂ ಉಂಟು, ಆದರೆ ಅದಕ್ಕೆ ಎರಡನೇ ಗಾಯ ಮಾಡಬೇಕು. ಬಹಳ ಮಂದಿ ಮರೆಯುವ ವಿಷಯವೊಂದಿದೆ: ಹರಳಿನ ಮೇಲೆ ಮುಚ್ಚುವ ಕೊಲಾಜನ್ (ಪ್ರಾಣಿಗಳ ಚರ್ಮ ಮೊದಲಾದವುಗಳಲ್ಲಿರುವ ಪ್ರೋಟೀನ್) ಪೊರೆ ಅನೇಕ ಸಲ ಹಂದಿಯದ್ದಾಗಿರುತ್ತದೆ. ಹರಳು ಕೃತಕವೆಂದು ಕೇಳಿ ಸಮಾಧಾನಗೊಂಡವರು ಪೊರೆಯ ಬಗ್ಗೆ ಕೇಳಿರುವುದಿಲ್ಲ. ಎರಡನ್ನೂ ಕೇಳಿ, ಡಬ್ಬಿಯ ಮೇಲೆ ಮೂಲ ಬರೆದಿರುತ್ತದೆ. ತಾಯಿಯದೇ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ತಯಾರಿಸುವ ಪಿಆರ್‌ಎಫ್ ಪೊರೆಯನ್ನು ಬಳಸಬಹುದೇ ಎಂದೂ ವಿಚಾರಿಸಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ ತಾಯಿಯ ಔಷಧಿಗಳು. ಈ ವಯಸ್ಸಿನ ಅನೇಕ ಹೆಂಗಸರು ಮೂಳೆ ಸವೆತಕ್ಕೆ ಔಷಧಿ ತೆಗೆದುಕೊಳ್ಳುತ್ತಿರುತ್ತಾರೆ: ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ಜೊಲೆಡ್ರೊನೇಟ್ ಡ್ರಿಪ್, ಇಲ್ಲವೇ ಆರು ತಿಂಗಳಿಗೊಮ್ಮೆ ಡೆನೊಸುಮಾಬ್ ಇಂಜೆಕ್ಷನ್. ಇವುಗಳಿಂದ ದವಡೆಯ ಗಾಯ ಮಾಯದೆ ಮೂಳೆ ಕೊಳೆಯುವ ಅಪಾಯ ಅಪರೂಪಕ್ಕೆ ಇದೆ. ವರ್ಷಕ್ಕೊಮ್ಮೆಯ ಡ್ರಿಪ್ ಅನ್ನು ಹಲ್ಲಿನ ವೈದ್ಯರಿಗೆ ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ, ಅದು ನಿತ್ಯದ ಮಾತ್ರೆಯಲ್ಲವಲ್ಲ! ಹೇಳಿಬಿಡಿ. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ; ಡೆನೊಸುಮಾಬ್ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಬೆನ್ನುಮೂಳೆ ಮುರಿಯುವ ಭಯವಿದೆ. ಸಕ್ಕರೆ ಕಾಯಿಲೆ ಇದ್ದರೆ ಮೊದಲು ಹತೋಟಿಗೆ ಬರಲಿ. ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಅದನ್ನು ಮುಚ್ಚಿಡಬೇಡಿ, ಕಸಿ ಕೈಕೊಡಲು ಅದೂ ಕಾರಣವಾಗುತ್ತದೆ.

ಕಸಿಯಾದ ಮೇಲೆ ಎರಡು ವಾರವಾದರೂ ಮೂಗಿನಿಂದ ಜೋರಾಗಿ ಗಾಳಿ ಊದಿ ಸಿಂಬಳ ತೆಗೆಯಬಾರದು. ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನಬೇಕು. ಸ್ಟ್ರಾ ಬೇಡ, ಜೋರಾಗಿ ಉಗುಳುವುದು ಬೇಡ. ಆರಿದ ರಾಗಿ ಅಂಬಲಿ, ಮೊಸರನ್ನ ಒಳ್ಳೆಯದು, ಆದರೆ ಮೊಸರನ್ನಕ್ಕೆ ಸಾಸಿವೆ ಒಗ್ಗರಣೆ ಕೊಡಬೇಡಿ. ಕಾಳು ಹೊಲಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದೆರಡು ಬಿಳಿ ಹರಳು ಬಾಯಿಗೆ ಬಂದರೆ ಗಾಬರಿಯಾಗಬೇಡಿ. ಕೀವು, ಜ್ವರ, ಹೆಚ್ಚುತ್ತಲೇ ಹೋಗುವ ಬಾವು ಕಂಡರೆ ಮಾತ್ರ ಅಂದೇ ಹೋಗಿ.

ತಾಯಿಗೆ ಇಷ್ಟೆಲ್ಲ ಬೇಡವೆನಿಸಿದರೆ ಅದೂ ಸರಿಯಾದ ನಿರ್ಧಾರವೇ. ಅಕ್ಕಪಕ್ಕದ ಹಲ್ಲುಗಳು ಗಟ್ಟಿಯಿದ್ದರೆ ಅವುಗಳ ಆಧಾರದ ಮೇಲೆ ಕೂರಿಸುವ ಕಟ್ಟು ಹಲ್ಲು, ಅಂದರೆ ಬ್ರಿಡ್ಜ್ ಮಾಡಿಸಬಹುದು, ತೆಗೆದು ಹಾಕುವ ಹಲ್ಲಿನ ಸೆಟ್ ಇದೆ. ಕಳೆದುಹೋಗಿರುವುದು ತೀರ ಹಿಂದಿನ ಹಲ್ಲುಗಳಾಗಿದ್ದು ಅಗಿಯಲು ಕಷ್ಟವಿಲ್ಲದಿದ್ದರೆ ಏನೂ ಮಾಡಿಸದೆಯೂ ಇರಬಹುದು. ಖರ್ಚಿನ ಯೋಚನೆಯಿದ್ದರೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿಗೋ ನಿಮ್ಮ ಹತ್ತಿರದ ಯಾವುದಾದರೂ ದಂತ ಕಾಲೇಜಿಗೋ ಹೋಗಿ ವಸಡಿನ ವಿಭಾಗದಲ್ಲಿ ತೋರಿಸಿ. ಅಲ್ಲಿಗೆ ಹೋಗುವ ಮುಂಚೆ ಈಗಿನ ವೈದ್ಯರಿಂದ ಸ್ಕ್ಯಾನ್‌ನ ಸಿಡಿಯನ್ನೂ, ಕಸಿ, ಪೊರೆ, ಇಂಪ್ಲಾಂಟ್, ಅದರ ಮೇಲೆ ಕೂರಿಸುವ ಹಲ್ಲು ಇವಿಷ್ಟಕ್ಕೂ ಬೇರೆ ಬೇರೆಯಾಗಿ ಬರೆದ ಅಂದಾಜು ಪಟ್ಟಿಯನ್ನೂ ಕೇಳಿ ಪಡೆದುಕೊಳ್ಳಿ.