ರೆಸ್ಟೋರೇಟಿವ್ ಜಸ್ಟಿಸ್ ಒಂದು ದೇಶದ ಕೋರ್ಟುಗಳ ಒಳಗೆ ಬರೋದು ಸಾಧ್ಯನಾ?

ರೆಸ್ಟೋರೇಟಿವ್ ಜಸ್ಟಿಸ್, ಅಂದರೆ ತಪ್ಪು ಮಾಡಿದವರನ್ನೂ ನೊಂದವರನ್ನೂ ಕೂರಿಸಿ ಮಾತಾಡಿಸುವ ಪದ್ಧತಿ, ಸಂಘಸಂಸ್ಥೆಗಳಲ್ಲೇ ಉಳಿಯುತ್ತಾ, ಕೋರ್ಟಿಗೂ ಬರುತ್ತಾ ಅಂತ ಕೇಳಿದ್ದೀರಿ. ಬರುತ್ತದೆ. ನ್ಯೂಜಿಲೆಂಡಿನಲ್ಲಿ ಬಂದಿದೆ.

ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಮಕ್ಕಳನ್ನು ಮನೆಯವರಿಂದ ದೂರ ಮಾಡಿ ಸರ್ಕಾರಿ ಸಂಸ್ಥೆಗಳಿಗೆ ಸೇರಿಸುತ್ತಿದ್ದರ ವಿರುದ್ಧ ಆ ಜನ ದನಿ ಎತ್ತಿದರು. 1989ರಲ್ಲಿ ಮಕ್ಕಳ ಕಾನೂನೇ ಬದಲಾಯಿತು. ಈಗ ತಪ್ಪು ಮಾಡಿದ ಹುಡುಗನ ಮನೆಯವರು, ನೊಂದವರು, ಪೊಲೀಸರು ಒಟ್ಟಿಗೆ ಕೂತು ಮುಂದೇನು ಅಂತ ಮಾತಾಡುತ್ತಾರೆ. ದೊಡ್ಡವರ ಕೇಸಿಗೆ 2002ರ ಕಾನೂನು ದಾರಿ ಮಾಡಿತು. 2014ರಿಂದ ಇನ್ನೊಂದು ನಿಯಮ ಬಂತು. ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ಆರೋಪಿ ತಪ್ಪೊಪ್ಪಿಕೊಂಡರೆ, ನೊಂದವರು ಇದ್ದರೆ, ಇಂಥ ಭೇಟಿ ನಡೆಸುವವರು ಸಿಗುವಂತಿದ್ದರೆ, ಶಿಕ್ಷೆ ಹೇಳುವ ಮುಂಚೆ ಜಡ್ಜ್ ಕೇಸು ಮುಂದೂಡಿ ಭೇಟಿ ಆಗುತ್ತಾ ಅಂತ ವಿಚಾರಿಸಲೇಬೇಕು. ಆದರೆ ಬಂದು ಕೂರಲೇಬೇಕು ಅನ್ನುವ ಬಲವಂತ ಯಾರಿಗೂ ಇಲ್ಲ.

ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲೆ. "ನಮ್ಮಲ್ಲಿ ಲೋಕ ಅದಾಲತ್ ಇದೆಯಲ್ಲ" ಅಂತ ಜಾಸ್ತಿ ಜನ ಹೇಳುತ್ತಾರೆ. ಅದು ಬೇರೆ. ಅಲ್ಲಿ ಕೇಸು ಮುಗಿಯುತ್ತದೆ, ಮಾತು ಆಗುವುದಿಲ್ಲ. ಒಬ್ಬ ಹಿರಿಯರ ಎಳನೀರು ಗಾಡಿಯನ್ನು ಪಕ್ಕದ ಬೀದಿಯ ಹುಡುಗ ಪುಡಿ ಮಾಡಿದ್ದ. ನಾವು ವಕೀಲರು ದುಡ್ಡಿನ ಮಾತು ಮುಗಿಸಿದೆವು. ಹೆಬ್ಬೆಟ್ಟು ಒತ್ತುವ ಮುಂಚೆ ಅವರು ಕೈ ತಡೆದರು. "ಮೇಡಂ, ಯಾಕೆ ಒಡೆದ ಅಂತ ಅವನ ಬಾಯಲ್ಲಿ ಒಂದ್ಸಲ ಕೇಳಬಹುದಾ?" ಹುಡುಗ ಬಾಗಿಲ ಹತ್ತಿರವೇ ತಲೆ ತಗ್ಗಿಸಿ ನಿಂತಿದ್ದ. ಅಷ್ಟರಲ್ಲಿ ಮುಂದಿನ ಕೇಸು ಕೂಗಿಯಾಗಿತ್ತು. ನಾನೂ "ಆಮೇಲೆ ನೋಡೋಣ ಬನ್ನಿ" ಅಂದುಬಿಟ್ಟೆ. ಆ ಆಮೇಲೆ ಬರಲೇ ಇಲ್ಲ.

ನಮ್ಮ ಕಾನೂನಿನಲ್ಲಿ ಬಾಗಿಲು ಪೂರ್ತಿ ಮುಚ್ಚಿಲ್ಲ. ಯಾವ ಅಪರಾಧಗಳಲ್ಲಿ ರಾಜಿ ಆಗಬಹುದು ಅಂತ ಕ್ರಿಮಿನಲ್ ಕೇಸು ನಡೆಸುವ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಂ ಪಟ್ಟಿ ಕೊಡುತ್ತದೆ. 2024ರ ಜುಲೈ 1ರಿಂದ ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯೂ ಶಿಕ್ಷೆಯಾಗಿದೆ. ಇಲ್ಲಿಂದಲೇ ಶುರು ಮಾಡಬಹುದು ಅಲ್ವಾ? ರಾಜಿ ಬರೆದುಕೊಳ್ಳುವ ಮುಂಚೆ, ತರಬೇತಿ ಪಡೆದ ಒಬ್ಬರು ಇಬ್ಬರ ಜೊತೆಯೂ ಬೇರೆ ಬೇರೆಯಾಗಿ ಮಾತಾಡಲಿ. ನೊಂದವರಿಗೆ ಏನು ಬೇಕು ಅಂತ ಮೊದಲು ಕೇಳಲಿ.

ಒಂದು ಎಚ್ಚರ ಮಾತ್ರ ಬೇಕೇ ಬೇಕು. ಊರ ಪಂಚಾಯ್ತಿ ಅಂತ ಕೂರಿಸಿ, ಹೊಡೆತ ತಿಂದ ಹೆಣ್ಣುಮಕ್ಕಳ ಬಾಯಿ ಮುಚ್ಚಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೊಂದವಳು ಬೇಡ ಅಂದರೆ ಅಲ್ಲಿಗೇ ನಿಲ್ಲಬೇಕು, ಯಾಕೆ ಅಂತಲೂ ಕೇಳಬಾರದು.