ಮಂಡ್ಯದಲ್ಲಿ ಓಡಾಡುವ ಹೊಸ ಬೈಕಿನ ಚೈನಿಗೆ ಎಷ್ಟು ದಿನಕ್ಕೊಮ್ಮೆ ಎಣ್ಣೆ ಹಾಕಬೇಕು?

ದಿನದ ಲೆಕ್ಕ ಬಿಡಿ, ಕಿಲೋಮೀಟರ್ ನೋಡಿ: ಸುಮಾರು 500 ಕಿ.ಮೀ.ಗೊಮ್ಮೆ. ಕಬ್ಬಿನ ಗಾಡಿಗಳ ಹಿಂದೆ, ನಾಲೆ ಏರಿಯ ಮಣ್ಣುದಾರಿಯಲ್ಲಿ ಓಡುವ ಬೈಕಾದರೆ ಅಷ್ಟು ಕಾಯಬೇಡಿ; ಮಳೆಯಲ್ಲಿ ನೆನೆದ ದಿನವಂತೂ ಒರೆಸಿ ಎಣ್ಣೆ ಹಾಕಲೇಬೇಕು.

ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಿಂದಲೇ ತಿರುಗಿಸಿ. (ಎಂಜಿನ್ ಓಡುತ್ತಿರುವಾಗ ಚೈನ್ ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ.) ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಬನಿಯನ್ನಿನಿಂದ ಕಪ್ಪು ಜಿಡ್ಡು ತೆಗೆಯಿರಿ. ಒಣಗಿದ ಮೇಲೆ SAE 90 ದರ್ಜೆಯ (ದಪ್ಪನೆಯ) ಗೇರ್ ಆಯಿಲನ್ನು ಚೈನಿನ ಒಳಮೈಗೆ ತೊಟ್ಟು ತೊಟ್ಟಾಗಿ ಬಿಡಿ. ಹೆಚ್ಚಾದದ್ದನ್ನು ಒರೆಸದಿದ್ದರೆ ಧೂಳು ಮೆತ್ತಿಕೊಂಡು ಉಪ್ಪುಕಾಗದದಂತೆ ಚೈನ್ ಕೂರುವ ಗಾಲಿಯ (ಸ್ಪ್ರಾಕೆಟ್) ಹಲ್ಲುಗಳನ್ನು ಸವೆಸುತ್ತದೆ. ಗ್ರೀಸ್ ಬಳಿಯುವುದೂ ಅದೇ ಕಾರಣಕ್ಕೆ ಬೇಡ.

ಚೈನಿನ ಕೆಳಗಿನ ಎಳೆಯನ್ನು ಬೆರಳಿನಿಂದ ಎತ್ತಿ ಇಳಿಸಿದಾಗ 20–30 ಮಿ.ಮೀ. ಆಡಿದರೆ ಸಾಮಾನ್ಯವಾಗಿ ಬಿಗಿ ಸರಿಯಿದೆ. ಬೈಕಿನ ಕೈಪಿಡಿ ಬೇರೆ ಅಳತೆ ಹೇಳಿದರೆ ಅದನ್ನೇ ನಂಬಿ.