ತ್ರಿಕೋನ ಪ್ರಿಸಂನ ಘನಫಲ: ಯಾವ ಎತ್ತರ ಹಾಕಬೇಕು?

ಮಗಳಿಗೆ ಸೂತ್ರ ಬಾಯಿಪಾಠ ಇದೆ, ಆದರೂ ತ್ರಿಕೋನ ಪ್ರಿಸಂನ ಘನಫಲ ಪ್ರತಿ ಸಲ ತಪ್ಪಾಗುತ್ತದೆ, ಯಾವ ಎತ್ತರ ಹಾಕಬೇಕು ಅಂತಾನೇ ತಿಳಿಯಲ್ಲ ಎಂದು ಬರೆದಿದ್ದೀರಿ. ದಯವಿಟ್ಟು ಅವಳನ್ನು ಬೈಯಬೇಡಿ. ಆ ಲೆಕ್ಕದಲ್ಲಿ ಎತ್ತರ ಅನ್ನೋ ಮಾತು ಎರಡು ಸಲ ಬರುತ್ತದೆ: ತ್ರಿಕೋನದ ಎತ್ತರ, ಪ್ರಿಸಂನ ಎತ್ತರ. ನಾನು ವಿಜಯಪುರದಲ್ಲಿ ಟ್ಯೂಷನ್ ಹೇಳುತ್ತೇನೆ. ನಮ್ಮ ಹುಡುಗರಿಗೆ ಎರಡನೆಯದನ್ನು ‘ಉದ್ದ’ ಎಂದೇ ಕರೆಯಿರಿ ಅನ್ನುತ್ತೇನೆ. ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಘನಫಲ = ½ × ಪಾದ × ತ್ರಿಕೋನದ ಎತ್ತರ × ಉದ್ದ

ಈ ½ ಎಲ್ಲಿಂದ ಬಂತು? ಬಟ್ಟೆ ಒಗೆಯುವ ಉದ್ದನೆಯ ಸೋಪಿನ ಬಾರ್ ತಗೊಳ್ಳಿ. ಅದರ ತುದಿಯಲ್ಲಿ ಒಂದು ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು, ಈ ತುದಿಯಿಂದ ಆ ತುದಿಯವರೆಗೂ ಎಳೆಯಿರಿ. ಕೈಯಲ್ಲಿ ಎರಡು ತ್ರಿಕೋನ ಪ್ರಿಸಂ ಬರುತ್ತವೆ. ತಕ್ಕಡಿಗೆ ಹಾಕಿದರೆ ಎರಡೂ ಸಮ. ಈಗ ಒಂದು ತುಂಡನ್ನು ಅಡ್ಡಲಾಗಿ ಚೂರು ಚೂರು ಕೊಯ್ಯಿರಿ, ಎಲ್ಲಿ ಕೊಯ್ದರೂ ಅದೇ ತ್ರಿಕೋನ ಕಾಣುತ್ತದೆ. ಆ ಮುಖವೇ ಪ್ರಿಸಂನ ತಳ. ನೆಲಕ್ಕೆ ತಾಗಿದ್ದೇ ತಳ ಅಂದುಕೊಂಡು ಮಕ್ಕಳು ಎಡವುವುದು ಇಲ್ಲೇ.

ಇನ್ನೊಂದು ತಪ್ಪು ನನ್ನಿಂದಲೇ ಆಗಿತ್ತು. ಇಂಡಿ ಹತ್ತಿರದ ನಮ್ಮೂರಲ್ಲಿ ಹಿಂಗಾರಿ ಜೋಳ ಕಿತ್ತ ಮೇಲೆ ಕಣಕಿ, ಅಂದರೆ ಜೋಳದ ಒಣ ದಂಟಿನ ಬಣವಿ ಒಟ್ಟುತ್ತಾರೆ. ಮಳೆ ನೀರು ಜಾರಿಹೋಗಲಿ ಎಂದು ಮೇಲೆ ಎರಡೂ ಕಡೆ ಇಳಿಜಾರು. ಆ ನೆತ್ತಿ ಮಲಗಿಸಿದ ತ್ರಿಕೋನ ಪ್ರಿಸಂ ಅಲ್ವಾ? ಹೈಸ್ಕೂಲಲ್ಲಿದ್ದಾಗ ಕಾಕಾ ನನ್ನ ಕೈಗೆ ಟೇಪು ಕೊಟ್ಟರು. ಅಗಲ 8 ಅಡಿ, ಉದ್ದ 15 ಅಡಿ. ಇಳಿಜಾರಿನ ಮೇಲೆ ಟೇಪು ಹಾಸಿದೆ, 5 ಅಡಿ ಬಂತು. ಅದನ್ನೇ ಎತ್ತರ ಅಂದುಕೊಂಡು 300 ಘನ ಅಡಿ ಎಂದೆ. ಕಾಕಾ ಒಂದು ಗಳ ನೆಟ್ಟಗೆ ಹಿಡಿದರು. “ತಮ್ಮಾ, ಇಳಿಜಾರ ಅಳೀಬ್ಯಾಡ, ನೆಟ್ಟಗ ಅಳಿ.” ಎತ್ತರ ಬರೀ 3 ಅಡಿ! ½ × 8 × 3 = 12, ಅದಕ್ಕೆ 15 ಗುಣಿಸಿದರೆ 180. ಇಲ್ಲದ 120 ಘನ ಅಡಿ ಕಣಕಿಯನ್ನು ನಾನು ಸೇರಿಸಿಬಿಟ್ಟಿದ್ದೆ. ಎರಡೂ ಇಳಿಜಾರು ಸಮ ಇದ್ದಾಗ ಗಳವೂ ಬೇಕಿಲ್ಲ: ಅರ್ಧ ಅಗಲ 4, ಇಳಿಜಾರು 5, ಹಾಗಾಗಿ 25 − 16 = 9, ವರ್ಗಮೂಲ 3.

ಕೆಲವು ಲೆಕ್ಕದಲ್ಲಿ ಎತ್ತರ ಕೊಡದೆ ಮೂರು ಬದಿ ಮಾತ್ರ ಕೊಡುತ್ತಾರೆ, 13, 14, 15 ಅಂತ. ಆಗ ಹೆರಾನ್ ಸೂತ್ರ. ಮೂರರ ಮೊತ್ತದ ಅರ್ಧ 21; ಅದರಿಂದ ಒಂದೊಂದೇ ಬದಿ ಕಳೆದರೆ 8, 7, 6; 21 × 8 × 7 × 6 = 7056; ವರ್ಗಮೂಲ 84. ಅದೇ ವಿಸ್ತೀರ್ಣ, ಉದ್ದದಿಂದ ಗುಣಿಸಿದರೆ ಆಯಿತು. ⅓ ಬರುವುದು ಪಿರಮಿಡ್‌ಗೆ, ಇಲ್ಲಿ ಅದರ ಸುದ್ದಿಯೇ ಬೇಡ. ಬದಿ ಸೆಂಟಿಮೀಟರಲ್ಲಿ, ಉದ್ದ ಮೀಟರಲ್ಲಿ ಇದ್ದರೆ ಮೊದಲು ಒಂದಕ್ಕೇ ತನ್ನಿ.

ಮನೆಯಲ್ಲಿ ಮೇಜಿನ ಮೇಲೆ ನಿಲ್ಲಿಸುವ ಕ್ಯಾಲೆಂಡರ್ ಇದೆಯಾ? ಇವತ್ತೇ ಅವಳ ಮುಂದಿಡಿ. ಹಾಳೆ ಇರುವ ಮುಖ ಇಳಿಜಾರು, ಅದು ಎತ್ತರ ಅಲ್ಲ. ಪಕ್ಕದಲ್ಲಿ ಸ್ಕೇಲ್ ನೆಟ್ಟಗೆ ನಿಲ್ಲಿಸಿ ಅಳೆಯಲಿ. ಸ್ಕೇಲಿನ ತುದಿಗೂ ಸೊನ್ನೆಗೂ ನಡುವೆ ಸ್ವಲ್ಪ ಖಾಲಿ ಜಾಗ ಇದ್ದರೆ ಅದನ್ನೂ ಸೇರಿಸಿಕೊಳ್ಳಲು ಹೇಳಿ.